ಎರಡು ಸಲ ಒರೆಸಿದ ನೆಲ

ನಮ್ಮ ಶಾಲೆಯಲ್ಲಿ ಎರಡನೇ ತರಗತಿಯ ಮುಂದಿನ ಜಗಲಿಯನ್ನು ಮಾತ್ರ ದಿನಕ್ಕೆ ಎರಡು ಸಲ ಒರೆಸಲಾಗುತ್ತಿತ್ತು. ಯಾಕೆಂದು ಗೊತ್ತಿದ್ದದ್ದು ಹಿಂದಿನ ಗೇಟು ಕಾಯುವ ನನಗೊಬ್ಬನಿಗೆ. ಒರೆಸುವವಳ ಮಗಳು ಆ ಕೋಣೆಯೊಳಗೆ ಕೂತಿರುತ್ತಿದ್ದಳು.

ಶಾಲೆ ಊರ ನಡುವಿನ ಸೇತುವೆಯ ಈಚೆಯವರದು. ಆಚೆಯವರಾದ ನಮ್ಮ ಮೈಬಣ್ಣ ಬೇರೆ, ಮನೆಮಾತು ಬೇರೆ. ನಮ್ಮ ಮಕ್ಕಳಿಗೆ ಆಚೆಗೇ ಒಂದು ಶಾಲೆ, ನಾಲ್ಕು ತರಗತಿಗೆ ಒಬ್ಬರೇ ಮೇಷ್ಟ್ರು. ನೆಲ ಗುಡಿಸಲು, ಗೇಟು ಕಾಯಲು ಮಾತ್ರ ನಾವು ಈಚೆಗೆ ಬೇಕಾಗಿದ್ದೆವು, ಅದೂ ಹಿಂಬಾಗಿಲಿನಿಂದ.

ನೆಲ ಒರೆಸುವ ಆ ಕುಳ್ಳ ಆಯಾಳನ್ನು ಎಲ್ಲರೂ ಪುಟ್ಟಾಯಾ ಅನ್ನುತ್ತಿದ್ದರು. ತಾನು ಆಚೆಯ ಶಾಲೆಯಲ್ಲಿ ಎರಡನೇ ತರಗತಿಗೇ ಓದು ಬಿಟ್ಟವಳು. ಮಗಳ ಬಣ್ಣ ಈಚೆಯವರಲ್ಲಿ ಬೆರೆತುಹೋಗುವಂಥದ್ದು. ತಾನು ಪಾತ್ರೆ ತೊಳೆಯುವ ಈಚೆಯ ಮನೆಯೊಂದರ ಅಜ್ಜಿಯ ಕೈಕಾಲು ಹಿಡಿದು, ಆ ಮನೆಯ ವಿಳಾಸ ಕೊಟ್ಟು, ಅವರ ಮೊಮ್ಮಗಳೆಂದು ಈ ಶಾಲೆಗೆ ಸೇರಿಸಿದ್ದಳು. ಸಿಕ್ಕಿಬಿದ್ದರೆ ಮಗಳ ಓದೂ ಹೋಯಿತು, ಇವಳ ಕೆಲಸವೂ ಹೋಯಿತು. ಶಾಲೆಯಲ್ಲಿ ನಾನು ನಿನಗೆ ಯಾರೂ ಅಲ್ಲ ಎಂದು ಬೆಳಗ್ಗೆ ಜಡೆ ಹಾಕುವಾಗಲೆಲ್ಲ ಮಗಳಿಗೆ ಹೇಳಿಕೊಡುತ್ತಿದ್ದಳು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜೀವ ಅದು. ದೊಡ್ಡ ಮೇಡಂ ಬಾಯಲ್ಲಿ 'ವಿಳಾಸ' ಎಂಬ ಮಾತು ಬಂದರೆ ಸಾಕು, ಬಕೆಟ್ ಕೈಜಾರುತ್ತಿತ್ತು. ಈ ನೆಲದ ಹೊಳಪೇ ನಿನ್ನ ಹಿಡಿದುಕೊಡುತ್ತೆ ನೋಡು ಎಂದು ರೇಗಿಸುತ್ತಿದ್ದೆ. ಅವಳು ಸಿಕ್ಕಿಬಿದ್ದರೆ ನನ್ನ ಕೆಲಸವೂ ಹೋಗುತ್ತಿತ್ತು. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದವನು ನಾನೇ ತಾನೆ?

ಒಂದು ಮಧ್ಯಾಹ್ನ ಆಕೆ ಎರಡನೇ ಸಲ ಒರೆಸಿದ ನೆಲ ಇನ್ನೂ ಒಣಗಿರಲಿಲ್ಲ, ಮಗಳು ಓಡಿಬಂದು ಅಲ್ಲೇ ಜಾರಿ ಬಿದ್ದಳು. ಹುಬ್ಬು ಒಡೆದು ರಕ್ತ ಸುರಿಯಿತು. ಪುಟ್ಟಾಯಾ ಬಕೆಟ್ ಬಿಸಾಕಿ ಓಡಿದಳು. ಮಗುವಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಅಂಗೈಯಲ್ಲಿ ಗಾಯ ಒತ್ತಿ ಹಿಡಿದು, ಬಿಕ್ಕಿ ಬಿಕ್ಕಿ ಅತ್ತಳು. ಯಾರದೋ ಮಗುವಿಗೆ ಆಯಾಗಳು ಹಾಗೆ ಅಳುವುದಿಲ್ಲ. ಅಷ್ಟರಲ್ಲಿ ಬಂದ ದೊಡ್ಡ ಮೇಡಂ ಆಕೆಯ ಮುಖ ನೋಡಿದರು, ಮಗುವಿನ ಮುಖ ನೋಡಿದರು, ಮತ್ತೆ ಆಕೆಯ ಮುಖ ನೋಡಿದರು. ನಾನು ಗೇಟು ಬಿಟ್ಟು ಜಗಲಿಯತ್ತ ಹೆಜ್ಜೆ ಹಾಕಿದೆ.

ಮಗು ಆ ಕೈಯನ್ನು ತಳ್ಳಿತು.

"ಮೇಡಂ, ಇವಳು ನನ್ನ ಮುಟ್ಟೋದು ಬೇಡ. ಇವಳು ಆಚೆಯವಳು."

ಮೇಡಂ ಮುಖ ಸಡಿಲವಾಯಿತು. ನೆಲ ಒದ್ದೆ ಬಿಟ್ಟದ್ದಕ್ಕೆ ಆಯಾಗೆ ನಾಲ್ಕು ಮಾತು ಬೈದು, ಮಗುವನ್ನು ತಾವೇ ಒಳಗೆ ಕರೆದುಕೊಂಡು ಹೋದರು. ಸದ್ಯ ಬದುಕಿದೆವು ಅಂದುಕೊಂಡೆ.

ಮಾರನೆಯ ದಿನ ಆಕೆ ಗೇಟಿನಲ್ಲಿ ನಿಂತಳು, ಒಳಗೆ ಹೋಗಲಿಲ್ಲ. ಹಿಂದಿನ ಸಂಜೆ ಮಗಳನ್ನು ಮುದ್ದಿಸಿ, ಎಷ್ಟು ಚೆನ್ನಾಗಿ ನಟಿಸಿದೆ ಜಾಣೆ ಅಂದಳಂತೆ. ಗಾಯದ ಪಟ್ಟಿ ಬದಲಾಯಿಸಲು ಹೋದರೆ, ಮಗಳು, ಮೊದಲು ಕೈ ತೊಳೆದುಕೊಂಡು ಬಾ ಅಂದಳಂತೆ.

"ತೊಳ್ಕೊಂಡೇ ಬಂದೆ ಅಣ್ಣ. ಆದ್ರೂ ನನ್ನ ಕೈಯನ್ನೇ ನೋಡ್ತಾ ಹಿಂದೆ ಸರಿದ್ಲು. ಇಷ್ಟು ದಿನ ಮೇಡಂಗೆ ಹೆದರ್ತಿದ್ದೆ. ಈಗ ಅವಳಿಗೇ ಹೆದರ್ತೀನಿ."