ಸರ್ಕಾರದ ಮುಂದೆ ಸೆರಗು

ನಿಂಬೆಹಣ್ಣಿಗೆ ಸಾರು, ಪಾನಕ, ಹೆಚ್ಚೆಂದರೆ ಉಪ್ಪಿನಕಾಯಿ, ಇದಕ್ಕಿಂತ ಬೇರೆ ಗತಿಯುಂಟೆಂದು ಉಡುಪಿ ಕಡೆಯವಳಾದ ನನಗೆ ಗೊತ್ತಿರಲಿಲ್ಲ. ಮೊನ್ನೆ ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಮನೆಯ ಹಿಂಬದಿಯ ನಲ್ಲಿಯ ಬಳಿ ಕುಳಿತು ಶರಣಮ್ಮ ಅರ್ಧ ಹೋಳನ್ನು ಹತ್ತೂ ಬೆರಳುಗಳಿಗೆ ಉಜ್ಜುತ್ತಿದ್ದುದನ್ನು ಕಂಡಾಗ ನನ್ನ ಹಳೆಯ ರೋಗವಾದ ಕುತೂಹಲ ಕೆರಳಿತು. ಕಲಬುರಗಿ ಕಡೆಯ ಈಕೆ ಎದುರಿನ ಕಟ್ಟಡದಲ್ಲಿ ಸಿಮೆಂಟು ಹೊರುವವಳು. ನಮ್ಮ ಮನೆಯಲ್ಲಿ ಕನ್ನಡ ಕೇಳಿಸಿದ ಸಲುಗೆಯಿಂದ ನೀರಿಗೆ ಬರುತ್ತಾಳೆ.

"ಹಿಂಗ ತಿಕ್ಕಿದ್ರ ಬೆರಳಿನ ಗೆರಿ ಮೂಡ್ತಾವಂತ್ರಿ ಅಕ್ಕಾ," ಎಂದಳು.

ಸಂಗತಿ ಇಷ್ಟು. ರೈತರ ಖಾತೆಗೆ ಸರ್ಕಾರ ಹಾಕುವ ಸಹಾಯಧನದ ಕಂತು ನಿಲ್ಲದಿರಬೇಕಾದರೆ ಬೆರಳೊತ್ತಿ ಗುರುತು ತೋರಿಸಬೇಕು. ಸ್ಟೇಷನ್ ಬಳಿಯ ಅಂಗಡಿಯ ಯಂತ್ರ ಅವಳನ್ನು ಒಪ್ಪಿರಲಿಲ್ಲ. ಸಿಮೆಂಟು ಗೆರೆಗಳನ್ನೆಲ್ಲ ತಿಂದುಹಾಕಿತ್ತು. ದುಡ್ಡು ಹೋದರೆ ಹೋಗಲಿ ಎನ್ನುವಂತಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಹೊಲ ಅವಳ ಹೆಸರಿಗಾಗಿದೆ, ಅವಳು ಇಲ್ಲಿರುವಾಗ ನೋಡಿಕೊಳ್ಳುವವನು ಮೈದುನ. ಕಂತು ನಿಂತರೆ "ಮುಂಬೈದಾಕಿ ಎಲ್ಲಿಯ ರೈತಳು, ಸರ್ಕಾರನೇ ಒಲ್ಲೆ ಅಂದದ" ಎಂದು ಊರ ಹಿರಿಯರ ಮುಂದೆ ಹೇಳಿ ಅವಳ ಪಾಲನ್ನು ನುಂಗಲು ಆತ ಕಾದಿದ್ದಾನೆ.

ಹಾಗಾದರೆ ರೈತರೆಂದರೆ ಯಾರು, ಗೆಳೆಯರೇ? ತವರಿನ ಗದ್ದೆಯ ಪಹಣಿಯಲ್ಲಿ ನನ್ನ ಹೆಸರೂ ಇದೆ. ನಾನು ಆ ಕೆಸರಿಗೆ ಕಾಲಿಟ್ಟದ್ದು ಮದುವೆಗೆ ಮುಂಚೆ, ಅದೂ ಕಳೆದುಹೋದ ಚಪ್ಪಲಿ ಹುಡುಕುವುದಕ್ಕೆ. ನನ್ನ ನುಣ್ಣನೆಯ ಬೆರಳನ್ನು ಯಾವ ಯಂತ್ರವಾದರೂ ಕಣ್ಣುಮುಚ್ಚಿ ಒಪ್ಪುತ್ತದೆ. ತೊಗರಿ ಬಿತ್ತಿ, ಕಳೆ ಕಿತ್ತು, ಹೊಲದಲ್ಲಿ ಕೆಲಸವಿಲ್ಲದ ತಿಂಗಳುಗಳಲ್ಲಿ ಇಲ್ಲಿ ಬಂದು ಇಟ್ಟಿಗೆ ಹೊತ್ತ ಬೆರಳಿಗೆ ಮಾತ್ರ ಪುರಾವೆ ಬೇಕು. ದುಡಿದಷ್ಟೂ ಗುರುತು ಅಳಿಯುವ ಈ ವಿಚಿತ್ರವನ್ನು ಯಂತ್ರ ಮಾಡಿದವರು ಯೋಚಿಸಿದ್ದರೋ ಇಲ್ಲವೋ ಕೇಳಬೇಕೆನಿಸಿತು. ಯಾರನ್ನು ಕೇಳುವುದೆಂದು ತಿಳಿಯಲಿಲ್ಲ.

ಬೆರಳಿನ ಬದಲು ಮುಖ ತೋರಿಸಿದರೂ ಸಾಕೆಂದು ಮೊಬೈಲಿನಲ್ಲಿ ಓದಿ, ಅವಳನ್ನು ಬೆಳಕಿಗೆ ಕೂರಿಸಿದೆ. ಮೊಬೈಲು ಎತ್ತಿದೊಡನೆ ಅವಳು ಸೆರಗನ್ನು ಹುಬ್ಬಿನವರೆಗೆ ಎಳೆದು ತಲೆ ತಗ್ಗಿಸಿದಳು. ಆಗಲಿಲ್ಲ. ಮತ್ತೆ ಎತ್ತಿದೆ, ಮತ್ತೆ ಸೆರಗು ಇಳಿಯಿತು.

"ಸೆರಗು ಸರಿಸು ಮಾರಾಯ್ತಿ, ಮುಖವೇ ಕಾಣುವುದಿಲ್ಲ."

"ಹಿರ್ಯಾರ ಮುಂದ ತಲಿ ಮ್ಯಾಲ ಸೆರಗಿಲ್ದ ಕುಂತಾಕಿ ಅಲ್ರಿ ನಾ. ಸರ್ಕಾರ ಅಂದ್ರ ಹಿರ್ಯಾರಲ್ಲೇನ್ರಿ?"

ನಗು ಬಂತು. ನನಗೆ ಕಿರಿಕಿರಿಯ ಪೆಟ್ಟಿಗೆಯಾಗಿದ್ದ ಮೊಬೈಲಿನೊಳಗೆ ಅವಳಿಗೆ ಊರ ಕಟ್ಟೆಯೇ ಕುಳಿತಿತ್ತು.

"ನೀನು ತಲೆ ತಗ್ಗಿಸಬೇಕೆಂದೇ ನಿನ್ನ ಮೈದುನನೂ ಕಾಯುವುದಲ್ಲವಾ?" ಎಂದೆ.

ಅವಳು ನಿಂಬೆಯ ಹೋಳನ್ನು ಪಕ್ಕಕ್ಕೆಸೆದಳು. ಆಮೇಲೆ ಕೆಲಸಕ್ಕೆ ನಿಲ್ಲುವಾಗಿನಂತೆ ಸೆರಗನ್ನು ಸೊಂಟಕ್ಕೆ ಬಿಗಿದು, ಮೊಬೈಲನ್ನು ನೆಟ್ಟಗೆ ನೋಡಿದಳು. ಮಿಟುಕಿಸೆಂದಾಗ ಕಣ್ಣು ಮಿಟುಕಿಸಿದಳು. ಪರದೆ ಹಸಿರಾಯಿತು. ನಾನು ಚಪ್ಪಾಳೆ ತಟ್ಟುವುದೊಂದು ಬಾಕಿ.

ಅವಳು ನಗಲಿಲ್ಲ. ಸೆರಗನ್ನು ತಲೆಗೆ ಏರಿಸಲೂ ಇಲ್ಲ. ತನ್ನ ಮೊಬೈಲಿನಿಂದ ಮೈದುನನಿಗೆ ಫೋನು ಹಚ್ಚಿದಳು.

"ಸರ್ಕಾರ ನನ್ನ ಮಾರಿ ನೋಡಿ ಗುರ್ತ ಹಿಡದದ. ಈ ಸಲ ತೊಗರಿ ರಾಶಿಗೆ ನಾನೇ ಬರ್ತೀನಿ, ಹಿರ್ಯಾರ್ನ ಕರಸು. ಬಾಗಲ ಹಿಂದ ನಿಂದ್ರಂಗಿಲ್ಲ, ಅವರ ನಡುವ ಕುಂದ್ರತೀನಿ."