ನೀರಿನ ಡ್ರಮ್ಮಿನ ಮೇಲೆ ಕಟ್ಟಿದ ಮೇಜು

ಮುಂಬೈ ವಡಾಲದ ನಮ್ಮ ಅಡುಗೆಮನೆಯ ಕಾಲುಭಾಗ ನೀರಿನ ಡ್ರಮ್ಮಿನ ಸ್ವಾಧೀನದಲ್ಲಿದೆ. ನಲ್ಲಿಯಲ್ಲಿ ನೀರು ಬೆಳಿಗ್ಗೆ ಒಂದು ತಾಸು ಬರುತ್ತದೆ. ಉಳಿದ ಇಪ್ಪತ್ತಮೂರು ತಾಸು ಸಂಸಾರ ನಡೆಯುವುದು ಆ ನೀಲಿ ಡ್ರಮ್ಮಿನ ಕೃಪೆಯಿಂದ. ಅದನ್ನು ಕದಲಿಸುವ ಮಾತೇ ಇಲ್ಲ. ನಿವೃತ್ತನಾದ ಮೂರನೆಯ ತಿಂಗಳು, ಕದಲಿಸಲಾಗದ್ದರ ಮೇಲೆ ಮೇಜು ಕಟ್ಟುವುದೆಂದು ನಾನು ಸಂಕಲ್ಪ ಮಾಡಿದೆ.

ಇನ್ನೊಬ್ಬರು ಬರೆದ ಕಾಗದಕ್ಕೆ ಸಹಿ ಹಾಕುತ್ತಲೇ ನೌಕರಿ ಮುಗಿಸಿದವನು ನಾನು. ಇದು ನಾನೇ ಮಾಡಿದ್ದು ಎಂದು ತೋರಿಸಲು ಮನೆಯಲ್ಲಿ ಒಂದು ಮಣೆಯೂ ಇರಲಿಲ್ಲ. ಜೊತೆಗೆ ಇನ್ನೊಂದು ಆಸೆ. ಇಷ್ಟು ವರ್ಷ ನಾನು ಹೊರಗೆ ಟಿವಿಯ ಮುಂದೆ, ಹೆಂಡತಿ ಒಳಗೆ ನೆಲದ ಮೇಲೆ ಕೂತು ಉಂಡಿದ್ದಾಯಿತು. ಇನ್ನಾದರೂ ಅಕ್ಕಪಕ್ಕ ಕೂತು ಉಣ್ಣಬೇಕು.

ಬೈಕುಲ್ಲಾದಿಂದ ಹಲಗೆ ತಂದೆ. ಡ್ರಮ್ಮಿನ ಆಚೆ ಎರಡು, ಈಚೆ ಎರಡು ಕಾಲು. ನೀರು ತೋಡಲು ಹಲಗೆಯ ಅರ್ಧಭಾಗ ಮೇಲೆತ್ತುವಂತೆ ಕೀಲು. ಹನ್ನೊಂದು ದಿನದಲ್ಲಿ ಮೇಜು ಎದ್ದು ನಿಂತಿತು. ಹೆಂಡತಿ ಒಂದೇ ಬೆರಳಿನಿಂದ ಒತ್ತಿ ನೋಡಿದಳು.

"ಅಲುಗಾಡ್ತದಲ್ರೀ."

"ಹೊಸಾ ಕಟಗಿ. ಹದಕ್ಕ ಬರಬೇಕು."

"ಎಷ್ಟು ದಿವಸ?"

"ಒಂದು ಮಳಿಗಾಲ."

ಈ ಸಿದ್ಧಾಂತ ನನಗೆ ಎಲ್ಲಿಂದ ಬಂತೋ ಗೊತ್ತಿಲ್ಲ. ಬಾಯಿಂದ ಬಂದ ಮೇಲೆ ನಾನೂ ನಂಬಿದೆ. ಮಳೆಗಾಲ ಮುಗಿಯುವ ಹೊತ್ತಿಗೆ ವಿಜಯಪುರದಲ್ಲಿ ಅಣ್ಣನ ಮಗನ ಮದುವೆ ಬಂತು. ಮೊಣಕಾಲು ನೋವೆಂದು ಹೆಂಡತಿ ಉಳಿದಳು. ನಾಲ್ಕು ದಿನ ಬಿಟ್ಟು ಬಂದವನು ಚಪ್ಪಲಿ ಬಿಡುವ ಮೊದಲೇ ಒಳಗೆ ಹೋಗಿ ಮೇಜು ಅಲ್ಲಾಡಿಸಿದೆ. ಬಂಡೆ! ಒಂದು ಕೂದಲೆಳೆಯಷ್ಟೂ ಮಿಸುಕಲಿಲ್ಲ.

ಆವತ್ತಿನಿಂದ ನಾನು ಪ್ರವಚನಕ್ಕೆ ನಿಂತೆ. ಮರಕ್ಕೂ ಸ್ವಭಾವವಿದೆ, ಅವಸರ ಮಾಡಬಾರದು, ಮಳೆಯ ತೇವಕ್ಕೆ ಅದು ತಾನೇ ತನ್ನ ಜಾಗ ಕಂಡುಕೊಳ್ಳುತ್ತದೆ, ಇತ್ಯಾದಿ. ಪಕ್ಕದ ಮನೆಯವರು ಉಡುಪಿ ಕಡೆಯವರು, ಗ್ರಾಂಟ್ ರೋಡಿನ ಹೋಟೆಲೊಂದರಲ್ಲಿ ಮ್ಯಾನೇಜರು. ತಮ್ಮಲ್ಲಿಗೆ ಬಂದ ನೆಂಟರನ್ನೆಲ್ಲ ನಮ್ಮ ಅಡುಗೆಮನೆಗೆ ಕರೆತರುತ್ತಿದ್ದರು. "ನೀವೇ ಹೇಳಿ ಮಾರಾಯ್ರೆ, ಆ ಮರದ್ದು. ನಾನು ಹೇಳಿದ್ರೆ ರುಚಿ ಬರುದಿಲ್ಲ." ನಾನು ಹೇಳುತ್ತಿದ್ದೆ. ನೆಂಟರು ತಲೆದೂಗುತ್ತಿದ್ದರು. ಹೆಂಡತಿ ಚಹಾ ಸೋಸುತ್ತಿದ್ದಳು. ಊಟಕ್ಕೆ ಇಬ್ಬರೂ ಆ ಮೇಜಿಗೆ ಅಕ್ಕಪಕ್ಕ ಕೂರುತ್ತಿದ್ದೆವು. ಹೀಗೆ ಒಂದು ವರ್ಷ.

ಹೋದ ತಿಂಗಳು ಡ್ರಮ್ಮಿನ ಬುಡದಲ್ಲಿ ನೀರು ಜಿನುಗತೊಡಗಿತು. ಟಾರ್ಚು ಹಿಡಿದು ಮೇಜಿನ ಅಡಿಗೆ ತೂರಿದೆ. ನಾನು ಕೊಟ್ಟ ಒಂದೊಂದು ಕಾಲಿನ ಬೆನ್ನಿಗೂ ಇನ್ನೊಂದು ಗಟ್ಟಿ ಮರದ ರೀಪು ಜಡಿದಿತ್ತು. ಹಲಗೆಯನ್ನು ಗೋಡೆಗೆ ಬಿಗಿದ ನಾಲ್ಕು ಕಬ್ಬಿಣದ ಪಟ್ಟಿಗಳಿದ್ದವು. ಅವುಗಳ ಸ್ಕ್ರೂಗಳ ತಲೆಯ ಮೇಲೆ ನಕ್ಷತ್ರದ ಗುರುತು. ನನ್ನ ಹತ್ತಿರ ಇರುವುದು ಚಪ್ಪಟೆ ಮೂತಿಯ ಒಂದೇ ಸ್ಕ್ರೂಡ್ರೈವರ್. ಒದ್ದೆ ನೆಲದ ಮೇಲೆ ಅಂಗಾತ ಮಲಗಿ, ಮರದ ಸ್ವಭಾವವನ್ನು ಬಹಳ ಹೊತ್ತು ನೋಡಿದೆ.

ಹೊರಬಂದಾಗ ಹೆಂಡತಿ ಅದೇ ಮೇಜಿನ ಮೇಲೆ ಮೆಂತ್ಯೆಸೊಪ್ಪು ಬಿಡಿಸುತ್ತಿದ್ದಳು.

"ಕೆಳಗ ಕಬ್ಬಿಣ ಯಾವಾಗ ಬಂತು?"

ಅವಳ ಕೈ ನಿಲ್ಲಲಿಲ್ಲ. "ನೀವು ಮದುವಿಗೆ ಹೋದಾಗ. ಬಡಿಗ್ಯಾನ್ನ ಕರಸಿದ್ದೆ. ಬಾಜೂ ಮನಿಯವರು ಕರಕೊಂಡ ಬಂದ್ರು."

"ಮತ್ತ ಮೊಣಕಾಲು?"

"ಅದೂ ನೋಯ್ತಿತ್ತು. ಮೇಜು ಮ್ಯಾಲೆ ಬಿದ್ದಿದ್ರ ಇನ್ನೂ ನೋಯ್ತಿತ್ತು."

"ನನಗ ಹೇಳಬಾರದಿತ್ತೇನು?"

"ಹೇಳಾಕಿದ್ದೆ. ನೀವು ಚಪ್ಪಲಿ ಸೈತ ಬಿಡದ ಬಂದು, 'ನೋಡು, ಹದಕ್ಕ ಬಂತು' ಅಂದ್ರಿ. ಆ ಮಾರಿ ನೋಡಿ ಹ್ಯಾಂಗ ಹೇಳ್ಲಿ?"

ಆ ಒಂದು ದಿನವನ್ನು ನಾನು ಕ್ಷಮಿಸಬಲ್ಲೆ. ಆಮೇಲಿನ ಒಂದು ವರ್ಷ? ಗೋಡೆಗೆ ಡ್ರಿಲ್ ಹೊಡೆದ ಸದ್ದು ಇಡೀ ಮಹಡಿಗೆ ಕೇಳಿರಬೇಕು. ಎಂದರೆ ಎಲ್ಲರಿಗೂ ಗೊತ್ತಿತ್ತು. ಆ ನೆಂಟರು ಬರುತ್ತಿದ್ದುದು ಮೇಜು ನೋಡಲಿಕ್ಕಲ್ಲ. ಮತ್ತು ಪ್ರತಿಸಲ ಅವರ ಕೈಗೆ ಚಹಾ ಕೊಟ್ಟವಳು ಇವಳು.

ಪಕ್ಕದ ಮನೆಯ ಬಾಗಿಲು ತಟ್ಟಿದೆ. "ಸ್ಟಾರ್ ಸ್ಕ್ರೂಡ್ರೈವರ್ ಇದ್ದರೆ ಕೊಡಿ" ಎಂದೆ. ಮ್ಯಾನೇಜರರ ಮುಖದ ಬಣ್ಣ ಬದಲಾಯಿತು. "ಅದು... ತಮಾಷೆಗೆ ಅಂತ ಅಲ್ಲ ಮಾರಾಯ್ರೆ," ಎಂದರು. ನಾನು ಕೈ ಚಾಚಿದೆ. ಅವರು ಸ್ಕ್ರೂಡ್ರೈವರ್ ತಂದುಕೊಟ್ಟರು.

ಪಟ್ಟಿಗಳನ್ನೂ ರೀಪುಗಳನ್ನೂ ಬಿಚ್ಚಲು ಮಧ್ಯಾಹ್ನ ಪೂರ್ತಿ ಹಿಡಿಯಿತು. ಬಡಿಗ ಕೆಲಸಗಾರ, ಒಪ್ಪಲೇಬೇಕು. ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು. ಕೊನೆಗೆ ಸೊಪ್ಪಿನ ಬುಟ್ಟಿಯನ್ನೂ ತನ್ನ ತಟ್ಟೆಯನ್ನೂ ಎತ್ತಿಕೊಂಡು, ಗೋಡೆ ಹಿಡಿದು, ಮೊಣಕಾಲು ಸಾವರಿಸಿಕೊಂಡು ನೆಲಕ್ಕೆ ಕೂತಳು.

ಈಗ ನಾನು ಮೇಜಿನ ಮೇಲೆ ಉಣ್ಣುತ್ತೇನೆ, ಎಡಗೈಯಿಂದ ಹಲಗೆ ಅದುಮಿಕೊಂಡು. ಅವಳು ಕೆಳಗೆ. ಸಾರು ಬಡಿಸಲು ಏಳುತ್ತಾಳೆ, ಬಡಿಸುತ್ತಾಳೆ, ಮತ್ತೆ ಕೂರುತ್ತಾಳೆ. ಮೇಲೆ ಬಾ ಎಂದು ಕರೆಯಲು ನನಗಿನ್ನೂ ಬಾಯಿ ಬಂದಿಲ್ಲ.