ಅಕ್ಕನ ನೀರಿಗಾಗಿ ಗೀಸರ್ ತೊಳೆದ ಭಾನುವಾರ

ಅವ್ವ ಮೂರನೆಯ ಸಲ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ನೋಡಿದಳು. ಗೀಸರ್ ಹಾಕಿ ಒಂದು ಗಂಟೆಯ ಮೇಲಾಗಿದ್ದರೂ ನೀರು ಉಗುರುಬೆಚ್ಚಗೂ ಆಗಿರಲಿಲ್ಲ. ಅಂದು ಭಾನುವಾರ, ಅಕ್ಕನಿಗೆ ಮೊದಲ ಸಲ ಬಾಣಂತಿ ನೀರು ಹಾಕಬೇಕಿತ್ತು.

ಅಕ್ಕನ ಮಗು ಹುಟ್ಟುವಾಗಲೇ ಉಸಿರಾಡಿರಲಿಲ್ಲ. ಅವಳು ಇನ್ನೂ ಮೈಸೂರಿನ ಆಸ್ಪತ್ರೆಯಲ್ಲಿರುವಾಗಲೇ ಭಾವ ಮಗುವನ್ನು ಟಿ. ನರಸೀಪುರದ ಅವರ ಮನೆಗೆ ಒಯ್ದು, ಹೊಲದ ಬದುವಿನಲ್ಲಿ ಮಣ್ಣು ಮಾಡಿದರು. ಜೊತೆಗೆ ನಾನೂ ಹೋಗಿದ್ದೆ. ಅಕ್ಕ ಆಸ್ಪತ್ರೆಯಿಂದ ನೇರ ನಂಜನಗೂಡಿಗೆ, ನಮ್ಮ ಮನೆಗೆ ಬಂದಳು. ಎದೆಹಾಲು ಬತ್ತಲೆಂದು ಅವ್ವ ಮಲ್ಲಿಗೆ ಹೂವು ತರಿಸಿ ಅವಳ ಎದೆಗೆ ಕಟ್ಟಿದಳು. ಮಗುವಿನ ಬಗ್ಗೆ ಅಕ್ಕ ಏನೂ ಕೇಳಲಿಲ್ಲ, ನಾವೂ ಆ ಮಾತು ಆಡಲಿಲ್ಲ. ಸ್ನಾನಕ್ಕೂ ಅವಳು ಏಳುತ್ತಿರಲಿಲ್ಲ. ಒದ್ದೆ ಬಟ್ಟೆಯಲ್ಲಿ ಮೈ ಒರೆಸಿಕೊಂಡು ಮತ್ತೆ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದಳು.

"ಮಗೂನೇ ಇಲ್ಲ, ಬಾಣಂತನ ಯಾರಿಗವ್ವ?" ಎಂದಿದ್ದಳು ಹಿಂದಿನ ದಿನ.

"ಒಂಬತ್ತು ತಿಂಗ್ಳು ಹೊತ್ತು ಹೆತ್ತಿದ್ದೀಯ. ಮಗು ಅದೆಯೋ ಇಲ್ವೋ ಅಂತ ನಿನ್ ಸೊಂಟಕ್ಕೆ ಗೊತ್ತಾ? ನೀರ್ ಬೀಳ್ಲೇಬೇಕು," ಎಂದು ಅವ್ವ ಹೇಗೋ ಒಪ್ಪಿಸಿದ್ದಳು.

ಈಗ ಗೀಸರ್ ಕೈಕೊಟ್ಟದ್ದು ಕೇಳಿ ಅಕ್ಕ, "ನೀರೂ ಕಾಯ್ತಿಲ್ವಲ್ಲ, ಬುಡು ಅತ್ಲಾಗೆ," ಎಂದಳು. ಆ ದನಿಯಲ್ಲಿದ್ದ ಸಮಾಧಾನ ಅವ್ವನನ್ನು ಹೆದರಿಸಿತು. ಇವತ್ತು ತಪ್ಪಿದರೆ ಇವಳು ಮತ್ತೆ ಏಳುವುದಿಲ್ಲ ಎಂದು ನನ್ನ ಕಿವಿಯಲ್ಲಿ ಹೇಳಿದಳು. ಗ್ಯಾಸಿನ ಮೇಲೆ ಕಾಯಿಸೋಣವೆಂದರೆ, ಎರಡನೆಯ ಪಾತ್ರೆ ಕಾಯುವಷ್ಟರಲ್ಲಿ ಮೊದಲನೆಯದು ಆರುತ್ತಿತ್ತು. ರಿಪೇರಿಯವನು ಮಂಗಳವಾರ ಬರುತ್ತೇನೆಂದ.

ನಮ್ಮಲ್ಲಿ ನಲ್ಲಿಯಲ್ಲಿ ಬರುವ ಹೊಳೆ ನೀರು ಅಡುಗೆಗೆ, ಕುಡಿಯಲಿಕ್ಕೆ. ಬಚ್ಚಲಿಗೆ ಬೋರ್ ನೀರು. ಆ ಗಡಸು ನೀರಿನ ಸುಣ್ಣ ವರ್ಷಗಟ್ಟಲೆ ಗೀಸರಿನ ತಳದಲ್ಲಿ ಕೂತಿತ್ತು. ಬಿಸಿ ಕಡಿಮೆಯಾಯಿತೆಂದು ತೋರಿದಾಗಲೆಲ್ಲ ಮನೆಯವರು ಒಬ್ಬೊಬ್ಬರಾಗಿ ಗುಂಡಿ ತಿರುಗಿಸಿ ಬಿಸಿ ಏರಿಸಿದ್ದೆವು. ಸುಣ್ಣ ಇನ್ನಷ್ಟು ಸುಟ್ಟು ಗಟ್ಟಿಯಾಯಿತೇ ಹೊರತು ಬೇರೇನೂ ಆಗಲಿಲ್ಲ.

ನಾನೇ ತೊಳೆಯೋಣವೆಂದು ಮೇನ್ ಸ್ವಿಚ್ ಆರಿಸಿದೆ. ಒಳಬರುವ ನೀರಿನ ವಾಲ್ವ್ ಮುಚ್ಚಿದೆ. ಬಿಸಿನೀರಿನ ನಲ್ಲಿ ತೆರೆದಿಟ್ಟು, ಸ್ಟೂಲಿನ ಮೇಲೆ ನಿಂತು ಗೀಸರಿನ ತಳದ ಬಿರಡೆ ಬಿಚ್ಚಿದೆ. ಅವ್ವ ಕೆಳಗೆ ಬಕೆಟ್ ಹಿಡಿದಳು. ಒಂದಿಷ್ಟು ನೀರು ಇಳಿದು ನಿಂತುಹೋಯಿತು. ತಂತಿ ತೂರಿಸಿ ಕೆದಕಿದೆ. ಮೊಟ್ಟೆಯ ಸಿಪ್ಪೆಯಂಥ ಬಿಳಿ ಚಕ್ಕೆಗಳು ಬಿದ್ದವು, ಹಿಂದೆಯೇ ಬೂದು ಕೆಸರು. ಉಳಿದದ್ದು ಹೊರಬರಲು ಮೇಲಿನಿಂದ ನೀರು ಬಿಟ್ಟು ಬಿಟ್ಟು ನಿಲ್ಲಿಸಬೇಕಿತ್ತು. ವಾಲ್ವ್ ಇದ್ದದ್ದು ಹೊರಗೆ, ಅಕ್ಕನ ಕೋಣೆಯ ಬಾಗಿಲ ಪಕ್ಕದ ಗೋಡೆಯಲ್ಲಿ. ನಮ್ಮಿಬ್ಬರ ಕೈಯೂ ಖಾಲಿ ಇರಲಿಲ್ಲ.

"ಅಕ್ಕಾ, ಆ ವಾಲ್ವ್ ಒಂಚೂರು ತಿರುಗ್ಸೇ!" ಎಂದು ಕೂಗಿಬಿಟ್ಟೆ.

ಅವ್ವ ಕಣ್ಣು ಕೆಂಪಗೆ ಮಾಡಿದಳು. ಆದರೆ ಮಂಚ ಕಿರ್ರೆಂದಿತು. ಸ್ವಲ್ಪ ಹೊತ್ತಿಗೆ ನೀರು ಧಡಧಡ ಬಂತು.

"ಸಾಕು, ನಿಲ್ಸು. ಹ್ಞಾ, ಮತ್ತೆ ಬುಡು."

ಹೀಗೆ ಏಳೆಂಟು ಸಲ ಆಯಿತು. ಕೊನೆಗೆ ಅಕ್ಕನೇ ಗೋಡೆ ಹಿಡಿದುಕೊಂಡು ಬಚ್ಚಲ ಬಾಗಿಲಿಗೆ ಬಂದು ಬಕೆಟಿಗೆ ಇಣುಕಿದಳು.

"ಅಯ್ಯಪ್ಪಾ, ಇಷ್ಟೊಂದಾ! ಎಷ್ಟ್ ಚೊಂಬು ಬಂತು ಅಂತ ಡೈರೀಲಿ ಬರ್ಕೊಂಡ್ಯೇನೋ, ಲೆಕ್ಕದಯ್ಯ?" ಎಲ್ಲದರ ಲೆಕ್ಕ ಬರೆದಿಡುವ ನನ್ನ ಚಾಳಿಗೆ ಅವಳು ಇಟ್ಟ ಹೆಸರು ಅದು.

"ಇನ್ನೂ ಇಲ್ಲ ಕಣೆ."

"ಬರ್ಕೋ. ಇಲ್ದಿದ್ರೆ ನಿಂಗೆ ನಿದ್ದೆ ಹತ್ತಲ್ಲ."

ಅವ್ವ ನಗಲಿಲ್ಲ. "ನಿಂತ್ಕೋಬ್ಯಾಡ, ಕೂತ್ಕೋ ಬಾ," ಎಂದು ಅವಳ ಕೈ ಹಿಡಿದು ಕುರ್ಚಿಯಲ್ಲಿ ಕೂರಿಸಿ, ತಲೆಗೂ ಸೊಂಟಕ್ಕೂ ಎಣ್ಣೆ ತಿಕ್ಕತೊಡಗಿದಳು.

ನೀರು ತಿಳಿಯಾದ ಮೇಲೆ ಬಿರಡೆ ಬಿಗಿದೆ. ಗೀಸರ್ ತುಂಬಿ ನಲ್ಲಿಯಲ್ಲಿ ನೀರು ಬರುವವರೆಗೆ ಕಾದು ಸ್ವಿಚ್ ಹಾಕಿದೆ. ಕಾಲು ಗಂಟೆಯ ಮೇಲೆ ನಲ್ಲಿ ತಿರುಗಿಸಿದರೆ ಬಚ್ಚಲ ತುಂಬ ಹಬೆ. ಸ್ವಿಚ್ ಹೊರಗಿದ್ದುದರಿಂದ, ಒಂದು ಸಲದ ನೀರು ಮುಗಿದಾಗ ಮತ್ತೆ ಹಾಕಲೆಂದು ನಾನು ಮುಚ್ಚಿದ ಬಾಗಿಲ ಈಚೆ ನಿಂತೆ. ಒಳಗೆ ಅವ್ವ ಚೊಂಬು ಚೊಂಬಾಗಿ ರಭಸದಿಂದ ಎರೆಯುವ ಸದ್ದು ಕೇಳುತ್ತಿತ್ತು. ನಡುವೆ ಅದು ನಿಂತಿತು.

"ಅವ್ವ, ಮಗೂಗೆ ನೀರ್ ಹಾಕುದ್ರಾ?"

ಮಣ್ಣು ಮಾಡುವಾಗ ಅವ್ವ ಅಲ್ಲಿರಲಿಲ್ಲ. ಅವಳು ಆ ದಿನ ಆಸ್ಪತ್ರೆಯಲ್ಲಿ ಅಕ್ಕನ ಜೊತೆಯಲ್ಲಿದ್ದಳು.

ಅಕ್ಕ ದನಿ ಎತ್ತರಿಸಿದಳು. "ಲೋ, ಅಲ್ಲೇ ಇದ್ದೀಯಾ? ನೀನು ನೋಡ್ದಲ್ಲ?"

"ನೋಡ್ದೆ ಅಕ್ಕ. ಹಾಕುದ್ರು. ಭಾವನೇ ಹಾಕುದ್ರು."

"ತಣ್ಣೀರಾ?"

"ಇಲ್ಲ ಕಣೆ. ಒಲೆ ಮೇಲೆ ಕಾಯ್ಸಿದ್ರು. ಜಾಸ್ತಿ ಬಿಸಿ ಆಯ್ತು ಅಂತ ತಣ್ಣೀರ್ ಬೆರೆಸಿ, ಮೊಣಕೈ ಅದ್ದಿ ನೋಡಿ, ಆಮೇಲೆ ಹಾಕುದ್ರು. ಬಿಳೀ ಬಟ್ಟೇಲಿ ಒರೆಸುದ್ರು."

ಅಕ್ಕ ಅತ್ತಳು, ಆಸ್ಪತ್ರೆಯಿಂದ ಬಂದಮೇಲೆ ಮೊದಲ ಸಲ, ಬಾಯಿ ಬಿಟ್ಟು. ಅವ್ವ ಅವಳನ್ನು ಸುಮ್ಮನಾಗು ಎನ್ನಲಿಲ್ಲ. ಅಳು ಇಳಿದ ಮೇಲೆ ಅಕ್ಕನೇ ಹೇಳಿದಳು.

"ಉಯ್ಯವ್ವ. ಆರೋಯ್ತದೆ."